ಬದುವಿನ ಮೇಲಿನ ಥರ್ಮಾಸು

ನನ್ನ ಅಕ್ಷರಗಳು ಗೆರೆ ದಾಟಿ ಪಕ್ಕದ ಸಾಲನ್ನು ಒತ್ತುವರಿ ಮಾಡುತ್ತವೆ, ಮಾತೂ ಅಷ್ಟು ಚೆಂದ ಬರುವುದಿಲ್ಲ, ಓದುವವರು ಕ್ಷಮಿಸಬೇಕು. ಅಂಕಲಿ ಕಡೆಯ ಸರ್ವೇಯರ್ ಜಿನ್ನಪ್ಪನವರಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಹೊಲದ ಸರ್ವೆ ನಂಬರಷ್ಟೇ ನೆನಪು, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಅಂದರೆ, "ನೂರಾ ನಾಲ್ಕು ಏನ್ರಿ? ಕಬ್ಬು ಫ್ಯಾಕ್ಟರಿಗೆ ಹೋತೇನ್ರಿ?" ಎನ್ನುತ್ತಾರೆ. ಮದುವೆ ಊಟದ ಸಾಲಿನಲ್ಲೂ, "ಅರ್ಧ ಫೂಟ ಆ ಕಡೆ ಸರೀರಿ, ನನ್ನ ಹದ್ದಿನ್ಯಾಗ ಬಂದೀರಿ" ಎಂದು ಹೊಲದ ಗಡಿ ಗುರುತಿಸಿದ ಹಾಗೆ ಪಕ್ಕದವರ ಎಲೆ ಸರಿಸುತ್ತಾರೆ. ಉಪಗ್ರಹ ನೋಡಿ ಅಳೆಯುವ ಯಂತ್ರ ಕೈಗೆ ಬಂದಿದ್ದರೂ, ಅದರ ಮೇಲೆ ಸಂಶಯಪಟ್ಟು ಒಮ್ಮೆ ಹೆಜ್ಜೆ ಹಾಕಿಯೂ ಎಣಿಸುತ್ತಾರೆ. ಆದರೆ ಅಳೆಯುವ ಹೊಲದವರ ಚಹಾ ಮಾತ್ರ ಮುಟ್ಟುವುದಿಲ್ಲ. ಮನೆಯಿಂದ ತಂದ ಥರ್ಮಾಸನ್ನು ಎರಡೂ ಕಡೆಯವರಿಗೆ ಕಾಣುವಂತೆ ಬದುವಿನ ಮೇಲಿಟ್ಟುಕೊಂಡು ಕುಡಿಯುತ್ತಾರೆ. "ಸಾಹೇಬ್ರ, ಥರ್ಮಾಸಿಗೂ ಒಂದು ಹದ್ದಿನ ಕಲ್ಲು ನೆಡೂಣೇನ್ರಿ?" ಎಂದು ಜನ ಕಾಡುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಅವರು ಒಬ್ಬರ ಮನೆಯಲ್ಲಿ ಅರ್ಧ ಕಪ್ ಚಹಾ ಕುಡಿದು ಹೊಲ ಅಳೆದಿದ್ದರು. ಅಳತೆ ಸರಿಯಾಗಿಯೇ ಇತ್ತು, ಮರು ಅಳತೆಯಲ್ಲೂ ಕಲ್ಲು ಅಲ್ಲೇ ಬಂತು. ಆದರೂ ಪಕ್ಕದ ಹೊಲದ ಕೆಂಚವ್ವ, "ಅವರ ಚಾ ಕುಡದ ಕೈ ಅದು, ನಾ ಹೆಂಗ ನಂಬಲಿ?" ಎಂದವಳು ಸಾಯುವವರೆಗೂ ಆ ಕಲ್ಲನ್ನು ನಂಬಲಿಲ್ಲ. ಜಿನ್ನಪ್ಪನವರು ಈಗಲೂ ಆ ಹೊಲದ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ. ನಾಳೆ ಅವರು ನಮ್ಮ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ನಡುವಿನ ಹದ್ದು ಗುರುತಿಸಲು ಬರುತ್ತಾರೆ. ಏಲಕ್ಕಿ ಹಾಕಿ ಚಹಾ ಮಾಡು ಎಂದು ಅವ್ವ ಹೇಳಿದ್ದಾಳೆ. ನಾಳೆ ನೆಡುವ ಕಲ್ಲನ್ನು ದೊಡ್ಡಪ್ಪ ನಂಬಬೇಕಲ್ಲ, ನಾನು ಚಹಾಕ್ಕೆ ಇಡುವುದಿಲ್ಲ.