ಟಿಕೆಟ್ಟಿಗೆ ಹೆಸರು ಹೇಳಿದ ದಿನ

ಸಿರಿ, ಚಿನ್ಮಯ, ನಮ್ಮ ಲಗ್ಗೆರೆ ಬೀದಿಯ ತಿರುವಿನಲ್ಲಿ ಇವತ್ತು ಹೊಸ ಫ್ಲೆಕ್ಸ್ ಕಟ್ಟಿದ್ದಾರೆ. ಹಾಲು ತರಲು ಹೋದವಳು ಅದರ ಪ್ಲಾಸ್ಟಿಕ್ ವಾಸನೆಗೆ ತಲೆ ಎತ್ತಿದೆ. ಕೈ ಮುಗಿದು ನಗುವ ಮುಖಗಳು. ಓಟು ಕೇಳುವವರನ್ನು ನೀವೂ ನೋಡಿದ್ದೀರಿ. ಅದಕ್ಕೂ ಮೊದಲು, ಟಿಕೆಟ್ ಕೊಡಿ ಎಂದು ಪಕ್ಷದ ಬಾಗಿಲು ಕಾಯುವ ಕಾಲವೊಂದಿರುತ್ತದೆ. ಅದು ಇನ್ನೂ ಸ್ವಾರಸ್ಯ. ನೆಂಟರು ಬಂದರೆ ಅಡುಗೆಮನೆ ಬಿಟ್ಟು ಬಾರದ ಈ ಅಜ್ಜಿ ಅದನ್ನು ಒಳಗೇ ಹೋಗಿ ನೋಡಿದ್ದಾಳೆ ಎಂದರೆ ನಂಬುತ್ತೀರಾ?

ನಿಮ್ಮ ತಾತ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದಾಗ ಪಕ್ಕದ ಮೆಷಿನ್ನಿನಲ್ಲಿದ್ದವರು ಎದುರುಮನೆ ಸಾವಿತ್ರಿಯ ಗಂಡ. ಇಬ್ಬರ ಹೆಸರೂ ಒಂದೇ. ಇಬ್ಬರೂ ಒಂದೇ ಪಕ್ಷ ಸೇರಿದರು. ತಾತ ನನ್ನನ್ನೂ ಸದಸ್ಯೆ ಮಾಡಿಸಿದರು. ಸಾವಿತ್ರಿಯ ಗಂಡ ವಿಧಾನಸಭೆ ಟಿಕೆಟ್ಟನ್ನು ಎರಡು ಸಲ ಕೇಳಿ ಬರಿಗೈಲಿ ಬಂದಿದ್ದರು. ಕಳೆದ ಚುನಾವಣೆಯ ಹೊತ್ತಿಗೆ ತಾತ ಇರಲಿಲ್ಲ, ಸಾವಿತ್ರಿಯ ಗಂಡನಿಗೂ ವಯಸ್ಸಾಗಿತ್ತು. ಇದೇ ಕೊನೆಯ ಸಲ ಎಂದು ಬೀದಿಗೆಲ್ಲ ಗೊತ್ತಿತ್ತು.

ಪಕ್ಷದ ದೊಡ್ಡವರೊಬ್ಬರು ಛತ್ರಕ್ಕೆ ಬಂದು, ಹಳೆಯ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು, ಟಿಕೆಟ್ ಯಾರಿಗೆ ಕೊಡೋಣ ಎಂದು ಕೇಳುವುದು ಪದ್ಧತಿ. ಸಾವಿತ್ರಿ ನನ್ನನ್ನು ಎಳೆದುಕೊಂಡೇ ಹೋದಳು. ಬಾಗಿಲಲ್ಲಿ, ಅದೇ ಟಿಕೆಟ್ ಕೇಳುತ್ತಿದ್ದ ಒಬ್ಬ ಕಂಟ್ರಾಕ್ಟರನ ಕಡೆಯ ಹುಡುಗರು ನಿಂತಿದ್ದರು.

"ಗುರು, ಲೇತ್ ಪಾರ್ಟಿ ಬಂತು, ಎಣ್ಣೆ ಹಾಕ್ರೋ!" ಎಂದನೊಬ್ಬ.

"ನಿಮ್ ಕಂಟ್ರಾಕ್ಟರ್ ಕಟ್ಟಿದ ಮೋರಿಗೆ ಹಾಕೋಗೋ, ನೀರೇ ಹರೀತಿಲ್ಲ," ಎಂದಳು ಸಾವಿತ್ರಿ.

ಟಿಕೆಟ್ ಕೇಳುವವರ ಹೆಂಡತಿ ಎಂದು ಅವಳನ್ನು ಒಳಗೆ ಬಿಡಲಿಲ್ಲ. ನಾನೊಬ್ಬಳೇ ಹೋಗಿ ಕೂತ ಮೇಲೇ ನನ್ನ ಕಷ್ಟ ನನಗೆ ಹೊಳೆದದ್ದು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ನಮ್ಮೂರಲ್ಲಿ ಹಾಗೇ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ನಿಮ್ಮಪ್ಪನೇ ಮುಂದೆ ಬಂದು ಹೇಳುತ್ತಿದ್ದ.

"ನಮ್ ಎದುರುಮನೆಯವ್ರಿಗೆ ಕೊಡಿ ಸಾರ್," ಎಂದೆ.

"ಅಂಗೆಲ್ಲ ಆಗಲ್ಲಮ್ಮ. ನಿಮ್ ಬಾಯಲ್ಲೇ ಹೆಸರು ಬರ್ಬೇಕು. ಇಲ್ದಿದ್ರೆ ಆಮೇಲೆ ನಾನೇ ಹೇಳ್ಕೊಟ್ಟೆ ಅಂತಾರೆ."

"ಅದು... ನಮ್ ಯಜಮಾನ್ರ ಹೆಸರು ಸಾರ್."

ಅವರು ಕನ್ನಡಕ ತೆಗೆದರು. "ನಿಮ್ ಯಜಮಾನ್ರೂ ಟಿಕೆಟ್ ಕೇಳ್ತಿದಾರಾ?"

"ಅಯ್ಯೋ ಇಲ್ಲ, ಅವ್ರು ತೀರ್ಕೊಂಡವ್ರೆ."

ಪಕ್ಕದಲ್ಲಿದ್ದವನು ಕಿಸಕ್ಕನೆ ನಕ್ಕು, "ಮುಂದಿನವ್ರನ್ನ ಕರೀಲಾ ಸಾರ್?" ಎಂದ.

ಸುಮ್ಮನೆ ಎದ್ದು ಬಂದರೆ ಸಾವಿತ್ರಿಯ ಮುಖ ಹೇಗೆ ನೋಡುವುದು? ಸೆರಗಿನ ತುದಿ ಹಿಡಿದು, "ಪುಟ್ಟಸ್ವಾಮಿ" ಎಂದೆ. ಕೇಳಿಸಲಿಲ್ಲ ಎಂದರು. ಗಟ್ಟಿಯಾಗಿ ಹೇಳಿದೆ. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. ಏನಾಗುತ್ತದೆಂದು ಅಷ್ಟು ವರ್ಷ ಹೆದರಿದ್ದೆನೋ! ಹೊರಗೆ ಬಂದರೂ ಆ ಹೆಸರು ಹುಳಿ ಪೆಪ್ಪರ್‌ಮೆಂಟಿನ ಹಾಗೆ ನಾಲಿಗೆಯ ಮೇಲೇ ಇತ್ತು.

ಕೊನೆಗೆ ಟಿಕೆಟ್ ಕಂಟ್ರಾಕ್ಟರಿಗೂ ಇಲ್ಲ, ಇವರಿಗೂ ಇಲ್ಲ. ನಾವ್ಯಾರೂ ಕಂಡಿರದ ಒಬ್ಬರಿಗೆ ಹೋಯಿತು. ಸುದ್ದಿ ಬಂದ ಸಂಜೆ ಸಾವಿತ್ರಿಯ ಗಂಡ ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು.

"ಸೋತೆ ಅಂತ ಹೇಳ್ಕೊಳ್ಳೋಕೂ ಇಲ್ಲ ಅಕ್ಕ, ನಿಂತೇ ಇಲ್ವಲ್ಲ," ಎಂದು ನಕ್ಕವರು, ನಾನು ಕೊಟ್ಟ ಕಾಫಿ ಲೋಟ ಹಿಡಿದು ಹಾಗೇ ಕೂತುಬಿಟ್ಟರು.

"ಕಾಫಿ ಆರೋಗ್ತದೆ, ಕುಡೀರಿ ಪುಟ್ಟಸ್ವಾಮಣ್ಣ," ಎಂದೆ.

ಅವರು ತಲೆ ಎತ್ತಿದರು. "ಇಷ್ಟು ವರ್ಷದಲ್ಲಿ ನೀವು ನನ್ನ ಹೆಸರಿಡ್ದು ಕರ್ದಿದ್ದು ಇದೇ ಮೊದ್ಲು ಕಣಕ್ಕ." ಕಾಫಿ ಕುಡಿದರು.

ಈಗ ಒಂದೊಂದು ದಿನ ತಾತನ ಫೋಟೋ ಒರೆಸುತ್ತಾ ಹೆಸರು ಹಿಡಿದು ಕರೆಯುತ್ತೇನೆ, ಹೇಗೆ ಕೇಳಿಸುತ್ತದೋ ಎಂಬ ಕುತೂಹಲಕ್ಕೆ. ಬರೆದದ್ದು ಮಾತ್ರ ಇವತ್ತೇ ಮೊದಲು. ಅಕ್ಷರ ಸೊಟ್ಟಗಿದೆ. ಆದರೂ ಈ ಹಾಳೆಗಳನ್ನು ಎಸೆಯಬೇಡಿ ಮಕ್ಕಳೇ, ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಂಡಿರಿ.