ದೊಡ್ಡ ಗಾಲಿಗೆ ಎಷ್ಟು ಗಾಳಿ

ಬೆಳಕು ಹರಿಯುವ ಹೊತ್ತಿಗೆ ಮಹಾನಂದಾ ಅಂಗಳಕ್ಕೆ ಸಗಣಿನೀರು ಚಿಮುಕಿಸಿ ರಂಗೋಲಿ ಹಾಕಿರುತ್ತಾಳೆ. ಎಮ್ಮೆಯ ಹಾಲು ಹಿಂಡಿ, ಒಲೆ ಹೊತ್ತಿಸಿ, ಅತ್ತೆ ತಾರಾಬಾಯಿಗೆ ಸ್ನಾನದ ನೀರು ಕಾಯಿಸಿ, ಅವರ ಪೂಜೆಗೆ ಪತ್ರಿ, ವಿಭೂತಿ ಎತ್ತಿಟ್ಟು, ರೊಟ್ಟಿ ಬಡಿದು, ರಾತ್ರಿಯ ಪಾತ್ರೆ ತಿಕ್ಕಿ, ಕೊನೆಗೆ ಜೀಪಿನ ಗಾಜು ಒರೆಸಿರುತ್ತಾಳೆ. ಆಮೇಲೆ ಜೀಪು ನಡೆಸುವುದು. ಅದನ್ನೂ ಮನೆಯವರು ಮನೆಗೆಲಸಕ್ಕೇ ಸೇರಿಸಿಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ ತಾರಾಬಾಯಿ, "ಎಮ್ಮಿ, ಗಾಡಿ ಎಲ್ಲಾ ನಮ್ಮ ಸೊಸೀನೇ ನೋಡ್ತಾಳ್ರಿ" ಅನ್ನುತ್ತಾರೆ.

ಗಂಡ ವೀರಭದ್ರ ನಡುನೋವಿನಿಂದ ಹಾಸಿಗೆ ಹಿಡಿದಾಗ ಆಕೆ ಸ್ಟೇರಿಂಗ್ ಹಿಡಿದಳು. ರಾಯಿಕೋಡ್ ಕಡೆಯ ಹೊಲಗಳಿಗೆ ಹಸಿಶುಂಠಿ ಅಗೆಯಲು ಹೋಗುವ ಹೆಂಗಸರನ್ನು ಬೆಳಿಗ್ಗೆ ಬಿಟ್ಟು, ಸಂಜೆ ಕರೆತರುವ ಕೆಲಸ. ಅವನ ನಡು ನೆಟ್ಟಗಾದ ಮೇಲೂ ಕೆಲಸ ಆಕೆಯ ಬಳಿಯೇ ಉಳಿಯಿತು. ನಸುಕಿನಲ್ಲಿ ಏಳುವುದು ಅವನಿಗೆ ಒಗ್ಗುತ್ತಿರಲಿಲ್ಲ. ಮಹಾನಂದಾಳಿಗೂ ಅದೇ ಬೇಕಿತ್ತು. ಆ ಸೀಟಿನಲ್ಲಿ ಕೂತಷ್ಟು ಹೊತ್ತು ಎದ್ದು ನೀರು ತಾ ಅನ್ನುವವರು ಯಾರೂ ಇರಲಿಲ್ಲ.

ಈ ಮಳೆಗಾಲಕ್ಕೆ ಮುಂಚೆ ವೀರಭದ್ರ ತಾಂಡೂರಿಗೆ ಹೋಗಿ ಜೀಪಿಗೆ ಸೊಂಟದೆತ್ತರದ ಅಗಲ ಟೈರು ಹಾಕಿಸಿಕೊಂಡು ಬಂದ. ನಾರಾಯಣಖೇಡದ ಒಂದು ಮದುವೆಯಲ್ಲಿ ಬೀಗರೆಲ್ಲ ಸುತ್ತ ನಿಂತು ನೋಡಿದರು. ಆದರೆ ಟೈರು ಬದಲಿಸಿದಂದಿನಿಂದ ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿ ಆರಲೊಲ್ಲದಾಯಿತು. ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದು ಹೇಳುವ ದೀಪ. ವೀರಭದ್ರ ಹೆಂಡತಿ ಹಣೆಗಿಡುವ ಟಿಕಲಿಯೊಂದನ್ನು ಅದರ ಮೇಲೆ ಅಂಟಿಸಿದ. ಬಿಸಿಲಿಗೆ ಟಿಕಲಿ ಜಾರಿ ಬಿತ್ತು. ಆಮೇಲೆ ಪೆಟ್ರೋಲ್ ಪಂಪಿನಲ್ಲಿ ನಿಂತು ದೀಪ ಆರುವತನಕ ಗಾಳಿ ತುಂಬಿಸಿದ. ಆರಿದ ಮೇಲೂ ಇರಲಿ ಎಂದು ಗಾಳಿಯ ಅಂಕಿಯನ್ನು ನಲವತ್ತರ ತನಕ ಏರಿಸಿದ.

ಜೀಪು ಕುಣಿಯತೊಡಗಿತು. "ಹೊಲದಾಗ ಅಗದ್ರ ನಡು ನೋಯಂಗಿಲ್ಲವ್ವಾ, ನಿನ್ನ ಗಾಡ್ಯಾಗ ಕುಂತ್ರ ನೋಯ್ತದ" ಎಂದು ಹಿಂದಿನ ಸೀಟಿನಿಂದ ಚಂದ್ರಾಬಾಯಿ ಚುಚ್ಚಿದಳು. ಹೆಂಗಸರ ಗುಂಪಿಗೆ ಆಕೆಯೇ ಹಿರಿಯಳು. ಎಲ್ಲರೂ ನಕ್ಕರು.

ಮಳೆ ಬಿದ್ದ ಮರುದಿನ ಯಾರೂ ನಗಲಿಲ್ಲ. ಹೊಲದ ದಾರಿಯ ಕಿರುಸೇತುವೆಯ ಮೇಲೆ ಜೀಪಿನ ಹಿಂಭಾಗ ಜಾರಿ, ಒಂದು ಗಾಲಿ ಅಂಚಿಗೆ ಬಂದು ನಿಂತಿತು. ಕೆಳಗೆ ಕೆಂಪುನೀರು ಸುತ್ತುತ್ತಿತ್ತು. ಚಂದ್ರಾಬಾಯಿ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದಳು. "ಇವತ್ತು ನಾವು ನಡಕೊಂಡು ಹೋಗ್ತೀವಿ, ಮಹಾನಂದಾ. ಮನ್ಯಾಗ ಮಕ್ಕಳವ."

ರಾತ್ರಿ ಉಣ್ಣುತ್ತಾ ವೀರಭದ್ರ ಕೇಳಿದ: "ದೀಪ ಹತ್ತಿತ್ತೇನು?"

"ಇಲ್ಲ."

"ಮತ್ತ ಟೈರಿನ ತಪ್ಪೇನದ? ನಿನಗ ಹೊಡ್ಯಾಕ ಬರಲ್ಲ ಅನ್ನು. ಇನ್ನೊಮ್ಮೆ ಹಿಂಗಾದ್ರ ನಮ್ಮ ಓಣ್ಯಾಗಿನ ಬೀರಣ್ಣನ್ನ ಡ್ರೈವರ್ ಇಡ್ತೀನಿ. ನೀ ಮನ್ಯಾಗ ಇರು." ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಆಕೆ ಬಡಿಸಿದಳು.

ಮರುದಿನ ನಸುಕಿನಲ್ಲಿ ಜೀಪು ಹಿಂದೆ ತೆಗೆಯುವಾಗ ಗಾಲಿ ರಂಗೋಲಿಯ ಮೇಲೆ ಹಾಯಿತು. ಗೇಟು ಹಾಕಲು ಇಳಿದವಳಿಗೆ ಟೈರು ಕಣ್ಣಿಗೆ ಬಿತ್ತು. ಅಷ್ಟಗಲದ ಟೈರಿನಲ್ಲಿ ರಂಗೋಲಿಯ ಬಿಳಿ ಹತ್ತಿದ್ದು ನಡುವಿನ ನಾಲ್ಕು ಬೆರಳಿನಷ್ಟಕ್ಕೆ ಮಾತ್ರ. ಎರಡೂ ಅಂಚು ನೆಲ ಮುಟ್ಟಿರಲೇ ಇಲ್ಲ. ಆಕೆ ಹೆಂಗಸರನ್ನು ಮೆಲ್ಲಗೆ ಹೊಲ ಮುಟ್ಟಿಸಿ, ನೇರ ಜಹೀರಾಬಾದಿಗೆ, ಹೆದ್ದಾರಿ ಬದಿಯ ಗಂಗಾರಾಮನ ಟೈರಿನಂಗಡಿಗೆ ಹೋದಳು.

ಗಂಗಾರಾಮ ಗಾಳಿ ಅಳೆದು ತಲೆ ಕೆರೆದುಕೊಂಡ. "ಯಾರ್ರಿ ಅಕ್ಕಾ ಇಷ್ಟು ತುಂಬಿಸ್ಯಾರ? ದೊಡ್ಡ ಟೈರಿಗೆ ಹಳೇದಕ್ಕಿಂತ ಕಡಿಮೀನೇ ಸಾಕು. ಹೊಟ್ಟಿ ಉಬ್ಬಿದ್ರ ನಡುವಷ್ಟೇ ನೆಲ ಹಿಡೀತದ." ಸೀಮೆಸುಣ್ಣದಿಂದ ಟೈರಿನ ಅಗಲಕ್ಕೂ ದಪ್ಪ ಗೆರೆ ಎಳೆದು, ನೇರ ಹೊಡೆದುಕೊಂಡು ಬರಲು ಹೇಳಿದ. ಗೆರೆ ನಡುವೆ ಅಳಿಸಿ, ಅಂಚಿನಲ್ಲಿ ಉಳಿಯಿತು. ಗಾಳಿ ಇಳಿಸಿ ಮತ್ತೆ ಗೆರೆ, ಮತ್ತೆ ಓಟ. ಇಪ್ಪತ್ತೆಂಟಕ್ಕೆ ಗೆರೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಅಳಿಸಿತು.

ದೀಪ ಹತ್ತಿತು.

"ದೀಪದ ತಪ್ಪಿಲ್ರಿ. ಮೂವತ್ತರ ಕೆಳಗ ಇಳಿದ್ರ ಹೇಳು ಅಂತ ಹಳೇ ಟೈರಿನ ಅಂಕಿ ಅದರಾಗ ಕುಂತದ. ಹೊಸದು ಬರೀಬೇಕು" ಎಂದು ಗಂಗಾರಾಮ ಅಂಗೈಯಗಲದ ಯಂತ್ರವೊಂದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ. "ಇಪ್ಪತ್ನಾಲ್ಕು ಬರದ್ರ ಈಗ ದೀಪ ಆರ್ತದ, ಮುಂದ ಗಾಳಿ ಸೋರಿದ್ರೂ ಲಗೂನ ತಿಳೀತದ. ಆದ್ರ ಚಳಿಗೆ ಗಾಳಿ ತಾನೇ ಇಳೀತದ. ಗಾಡಿ ಹೊರಡೋ ಮುಂಚೆ, ಟೈರು ತಣ್ಣಗಿದ್ದಾಗ ಅಳೀತಾ ಇರಬೇಕು. ಮರೆತ್ರ ದೀಪ ಹತ್ತೇ ಹತ್ತತದ."

"ಹತ್ತದಂಗ ಮಾಡಾಕ ಬರಲ್ಲೇನು?"

"ಬರ್ತದ. ಹನ್ನೆರಡು ಬರದ್ರ ಆತು. ಬಾಳ ಮಂದಿ ಬರಸ್ಕೊಂಡು ಹೋಗ್ಯಾರ. ಗಾಲಿ ನೆಲಕ್ಕ ಕುಂತ ಮ್ಯಾಲೆ ಹತ್ತತದ, ಆಗ ಹತ್ತಿ ಏನ್ ಮಾಡೋದು?"

ಅಷ್ಟರಲ್ಲಿ ವೀರಭದ್ರನ ಫೋನು ಬಂತು. ಎಲ್ಲಿದ್ದೀ, ಊಟ ಯಾರು ಬಡಿಸಬೇಕು ಎಂದು ಕೇಳಿ, ವಿಷಯ ತಿಳಿದ ಮೇಲೆ ಹೇಳಿದ: "ಆ ದೀಪ ಮತ್ತ ನನ್ನ ಕಣ್ಣಿಗೆ ಬೀಳಬಾರದು. ಬಂದ್ ಮಾಡಿಸ್ಕೊಂಡು ಬಾ. ಒಮ್ಮೆ ಹತ್ತಿತಂದ್ರ ಚಾವಿ ಬೀರಣ್ಣಗ."

ಲಾರಿಯವನೊಬ್ಬ ಹಾರ್ನ್ ಹೊಡೆದ. "ಅಂಕಿ ನೀವೇ ಒತ್ರಿ ಅಕ್ಕಾ, ಬಂದೆ" ಎಂದು ಗಂಗಾರಾಮ ಜಾಕ್ ಎಳೆದುಕೊಂಡು ಹೋದ.

ಮಹಾನಂದಾ ಒಬ್ಬಳೇ ಕೂತಳು. ಹನ್ನೆರಡು ಒತ್ತಿದರೆ ಮನೆಯಲ್ಲಿ ಮಾತಿಲ್ಲ, ಸೀಟು ತನ್ನದೇ. ಇಪ್ಪತ್ತನಾಲ್ಕು ಒತ್ತಿದರೆ ನಸುಕಿನ ಕೆಲಸಕ್ಕೆ ಇನ್ನೊಂದು ಕೆಲಸ ಸೇರುತ್ತದೆ. ಅಳೆಯುವುದನ್ನು ಒಂದು ದಿನ ಮರೆತರೂ ಚಾವಿ ಹೋಗುತ್ತದೆ. ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು. ಸೀಟಿನ ಕೆಳಗೆ ಹೆಂಗಸರ ಕಾಲಿನ ಮಣ್ಣು ಒಣಗಿತ್ತು.

ಆಕೆ ಎರಡು ಒತ್ತಿದಳು. ಆಮೇಲೆ ನಾಲ್ಕು. ಯಂತ್ರ, ಇದೇ ಅಂಕಿಯೇ ಎಂದು ಇನ್ನೊಮ್ಮೆ ಕೇಳಿತು. ಮಹಾನಂದಾ ಹೌದು ಎಂಬುದನ್ನು ಒತ್ತಿದಳು.