ತೊಗರಿ ಹೊಲದ ಬದುವಿನ ಮೇಲೆ ಮಾಧವಿ

ನಮ್ಮ ಸೊಸೆ ಮಾಧವಿ ಓಡುತ್ತಾಳೆ ಎಂದರೆ ಕಲಬುರಗಿಯ ನಮ್ಮ ಬ್ರಹ್ಮಪುರದ ಮಂದಿ ಮೊದಮೊದಲು "ಯಾಕ, ಎಲ್ಲಿಗಿ?" ಎಂದು ಕೇಳುತ್ತಿದ್ದರು. ಎಲ್ಲಿಗೂ ಅಲ್ಲ, ಓಡಿ ಮತ್ತೆ ಮನೆಗೇ ಬರುತ್ತಾಳೆ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ. ನನಗೂ ತಿಳಿದಿರಲಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ತಿಳಿಯದಿದ್ದರೆ ಸುಮ್ಮನೆ ಕೂತು ಕೇಳುತ್ತೇನೆ. ಹಾಗೆ ಕೇಳಿದ್ದು, ಕಣ್ಣಾರೆ ಕಂಡದ್ದು ಇಲ್ಲಿದೆ.

ಮಾಧವಿ ಕಪನೂರಿನ ಒಂದು ದಾಲ್ ಮಿಲ್ಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಒಂದು ದಿನ ಸಿಟಿ ಬಸ್ಸು ತಪ್ಪಿತೆಂದು ಅದರ ಹಿಂದೆ ಮುಂದಿನ ಸ್ಟಾಪಿನ ತನಕ ಓಡಿದಳಂತೆ. ಬಸ್ಸು ನಿಲ್ಲಲಿಲ್ಲ. ಸಂಜೆ ಬಂದವಳು, "ಅತ್ಯಾ, ಬಸ್ ಸಿಗಲಿಲ್ಲ, ಆದ್ರ ಭಾಳ ಮಜಾ ಬಂತು" ಎಂದಳು. ಆಗ ಅವಳಿಗೆ ನಲವತ್ತು ದಾಟಿತ್ತು. ಮರುದಿನದಿಂದ ನಸುಕಿನಲ್ಲೇ ಎದ್ದು ಓಡತೊಡಗಿದಳು. ಆ ಹೊತ್ತಿಗೆ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕುವ ಕೆಲಸ ಮೊದಲು ಅವಳದಿತ್ತು. ಅದು ನನ್ನ ಪಾಲಿಗೆ ಬಂತು. ನನ್ನ ಮಗ ಧೀರೇಂದ್ರ, "ಆಯಿ, ನಿನ್ನ ಸೊಸಿ ಓಡಿಹೋದ್ಲು" ಎಂದು ದಿನಾ ಚೇಷ್ಟೆ ಮಾಡುವನು. "ಹೊಳ್ಳಿ ಬರ್ತಾಳ ಬಿಡೋ, ನೀ ಚಹಾಕ್ಕ ನೀರಿಡು" ಎನ್ನುವೆನು.

ಶಹರದ ಧೂಳು, ಲಾರಿ, ಹಾರ್ನು ಸಾಕಾದಾಗ ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುವಳು. ಊರು ದಾಟಿದರೆ ಕೆಂಪು ಮಣ್ಣಿನ ಗುಡ್ಡ, ಬಾಳೆಯ ತೋಟ, ಹಳ್ಳ. ಗುಡ್ಡ ಸುತ್ತಿಬರುವ ಒಂದು ಕಾಲುದಾರಿಯನ್ನು ತಾನೇ ಹುಡುಕಿಕೊಂಡಿದ್ದಳು. ಆ ದಾರಿ ದೇವಿಂದ್ರಪ್ಪ ಎಂಬ ರೈತರ ಅಂಗಳದ ಮುಂದೆ ಎಡಕ್ಕೆ ತಿರುಗಿ, ಅವರ ತೊಗರಿ ಹೊಲದ ಬದುವಿನಗುಂಟ ಹೋಗುತ್ತದೆ. ತಿರುಗದೆ ನೇರ ಹೋದರೆ ಬಂಡಿ ಜಾಡು. ಅದು ನಡುಹೊಲದಲ್ಲೇ ಮುಗಿಯುತ್ತದೆ.

ಚೆಲುವಾದ ದಾರಿ ತನಗೊಬ್ಬಳಿಗೇ ಸಿಕ್ಕರೆ ಅವಳಿಗೆ ಸಮಾಧಾನವಿಲ್ಲ. ಜೊತೆಗೆ ಓಡುವವರನ್ನೆಲ್ಲ ಒಪ್ಪಿಸಿ, ಅಲ್ಲಿ ಒಂದು ಗುಡ್ಡದ ಓಟ ಇಡಿಸಿದಳು. ದೇವಿಂದ್ರಪ್ಪನವರ ಪರವಾನಗಿ ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ತಂಗಿ, ನೀ ಒಬ್ಬಾಕಿ ಓಡಿದ್ರ ನಾ ಏನರ ಅಂದೀನೇನು?" ಎಂದರು ಅವರು. "ಆದ್ರ ಈಗ ತೊಗರಿ ಹೂವಿಗಿ ಬಂದದ. ಮಂದಿ ಬದುವಿನ ಮ್ಯಾಲ ಇರಬೇಕು. ಒಬ್ಬಂವ ಒಳಗ ಕಾಲಿಟ್ರೂ ಈ ದಾರಿ ಬಂದ್. ನಿನಗೂ ಬಂದ್."

"ಯಾರೂ ಇಡಂಗಿಲ್ರಿ ಕಾಕಾ. ನನ್ನ ಮಾತು" ಎಂದಳು ಮಾಧವಿ.

ಗುಡ್ಡದ ಓಟ ಭಾನುವಾರ. ಅದರ ಹಿಂದಿನ ದಿನವೇ ಕಲಬುರಗಿಯಲ್ಲಿ ರಸ್ತೆಯ ಮೇಲಿನ ಓಟವೂ ಬಂತು. ಒಂದನ್ನು ಬಿಡು ಎಂದರೆ ಕೇಳಲಿಲ್ಲ. "ನಾಳೆ ನಾ ಓಡಂಗಿಲ್ಲ ಅತ್ಯಾ, ಬರೇ ನೀರು ಕೊಡೂ ಸೇವಾ. ಇವತ್ತರ ಓಡ್ತೀನಿ" ಎಂದಳು. ಮುಗಿಯುವ ಗೇಟಿನ ಬಳಿ ನಾನು ನಿಂತಿದ್ದೆ. ಮುಂದಿನವರಲ್ಲೂ ಇರಲಿಲ್ಲ, ಹಿಂದಿನವರಲ್ಲೂ ಇರಲಿಲ್ಲ. ನಡುವೆ ಬಂದಳು, ಮುಖವೆಲ್ಲ ಕೆಂಪಾಗಿ. ನೀರು ಕುಡಿದು, ಬಂದ ದಾರಿಯಲ್ಲೇ ಮತ್ತೆ ಹೊಳ್ಳಿ ಓಡಿದಳು. ಏನೋ ಬೀಳಿಸಿಕೊಂಡಿರಬೇಕು ಎಂದುಕೊಂಡೆ. ಅಲ್ಲ, ಸನೋಬರಳನ್ನು ಕರೆತರಲು ಹೋಗಿದ್ದಳು. ಗಾಜಿಪುರದಲ್ಲಿ ಬಟ್ಟೆ ಹೊಲಿಯುವ ಸನೋಬರಳಿಗೆ ಅದು ಮೊದಲ ಓಟ. ಎಲ್ಲರಿಗಿಂತ ಕಡೆಗೆ ಬರುತ್ತಿದ್ದಳು. ಬೆನ್ನಿಗೇ ಆಂಬುಲೆನ್ಸ್ ಮೆಲ್ಲಗೆ ಬರುತ್ತಿತ್ತು.

"ಅಕ್ಕಾ, ಈ ಗಾಡಿಯಂವ ನನ್ನ ಕಡೀಗೇ ನೋಡ್ಲಿಕತ್ತಾನ. ನಾ ಯಾವಾಗ ಬೀಳ್ತೀನಿ ಅಂತ ಕಾಯ್ಲಿಕತ್ತಾನ!" ಎಂದಳಂತೆ ಸನೋಬರ್.

"ಕಾಯೂದಕ್ಕ ಅವಗ ಪಗಾರ ಕೊಡ್ತಾರ. ನೀ ನಡಿ, ಖಾಲಿ ಗಾಡಿ ಕಳಸೋಣು."

ಇಬ್ಬರೂ ನಗುತ್ತಲೇ ಗೇಟು ದಾಟಿದರು. ಆಂಬುಲೆನ್ಸಿನವನೂ ಹಾರ್ನ್ ಹೊಡೆದು ನಕ್ಕ.

ಊಟ ಮಾಡಿ, ಕಾಲಿಗೆ ಎಣ್ಣೆ ಹಚ್ಚಿಕೊಂಡು, ಮಾಧವಿ ಅಂದೇ ಮಧ್ಯಾಹ್ನ ಕಮಲಾಪುರಕ್ಕೆ ಹೊರಟಳು. ನೀರಿನ ಟೇಬಲ್ಲಿಗೆ ಮಂದಿ ಬೇಕೆಂದು ನಾನೂ ಸನೋಬರಳೂ ಜೊತೆಗೆ ಹೋದೆವು. ಸನೋಬರ್ ತಂದಿದ್ದ ಬಟ್ಟೆಯ ಚೂರುಗಳನ್ನು ಮಾಧವಿ ಗುಡ್ಡದ ಗಿಡಗಳಿಗೆ ಗುರುತಾಗಿ ಕಟ್ಟಿದಳು. ದೇವಿಂದ್ರಪ್ಪನವರ ಮನೆಯ ಓಣಿಯೊಳಗೆ ಗಿಡವಿಲ್ಲ, ಅಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬಾಣ ಬರೆದಳು. ದೇವಿಂದ್ರಪ್ಪನವರ ಅಂಗಳದ ಮುಂದೆ, ಎಡಕ್ಕೆ ತಿರುಗಬೇಕಾದಲ್ಲಿ, ಎಲ್ಲಕ್ಕಿಂತ ದೊಡ್ಡದು. ಹೊತ್ತು ಮುಳುಗುವಾಗ ಸೊಂಟ ಹಿಡಿದುಕೊಂಡು ಎದ್ದು, "ಈಗ ಕುರುಡ ಸೈತ ತಪ್ಪಂಗಿಲ್ಲ" ಎಂದಳು. ರಾತ್ರಿ ಪರಿಚಯದವರ ಮನೆಯಲ್ಲಿ ಮಲಗಿದೆವು.

ಬೆಳಿಗ್ಗೆ ಓಣಿಯ ಬಾಯಿಯಲ್ಲಿ, ಬೇವಿನ ಗಿಡದ ಕೆಳಗೆ ನೀರು, ನಿಂಬೆ, ಉಪ್ಪು, ಬಾಳೆಹಣ್ಣು ಹರವಿಕೊಂಡು ಕೂತೆವು. ಮೊದಲ ಗುಂಪು ಬಂತು, ನೀರು ಕುಡಿದು ಓಣಿಯೊಳಗೆ ಹೋಯಿತು. ಮಾಧವಿ ಗ್ಲಾಸು ತುಂಬಿ ಕೊಡುತ್ತಿದ್ದಳು. ಆಗ ಓಣಿಯಿಂದ ದೇವಿಂದ್ರಪ್ಪನವರ ಹೆಂಡತಿ ಭೀಮಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮಗ್ಗುಲಿಗೆ ಕೂತರು.

"ಓಡೋ ಮಂದಿ ಭಾಳ ಬಂದಾರಲ್ರೀ ಅಕ್ಕಾ" ಎಂದರು. "ನಮ್ಮ ಅಂಗಳದಾಗ ಯಾರೋ ಸುಣ್ಣಾ ಚೆಲ್ಲಿದ್ರು ನೋಡ್ರಿ. ಮಂದಿ ಬರಾಕತ್ತಾರ, ಹೊಲಸು ಕಾಣ್ತದ ಅಂತ ನಸುಕಿನ್ಯಾಗ ಗುಡಸಿ, ಸಗಣಿ ನೀರು ಹೊಡದು, ದೊಡ್ಡ ಕಮಲದ ರಂಗೋಲಿ ಹಾಕೀನಿ. ಓಣಿ ಹೆಣ್ಮಕ್ಕಳಿಗೆಲ್ಲ ಹಾಕ್ರಿ ಅಂದೀನಿ."

ಮಾಧವಿ ಕೈಯಲ್ಲಿದ್ದ ನೀರಿನ ಜಗ್ ಕೆಳಗಿಟ್ಟಳು. ಗುಡಿಸಿಹೋದದ್ದು ಅವಳು ಬರೆದ ಬಾಣ. ನಸುಕಿನಲ್ಲಿ ಪ್ರತಿ ಅಂಗಳಕ್ಕೂ ಕಸಬರಿಗೆ ಬೀಳುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಹೇಗೆ ಹೊಳೆಯಬೇಕು? ಕಸಬರಿಗೆ ನನಗೆ ಬಿಟ್ಟು, ವರ್ಷಗಟ್ಟಲೆ ಆ ಹೊತ್ತಿಗೆ ಅವಳು ರಸ್ತೆಯ ಮೇಲಿದ್ದವಳು. ನನಗಾದರೂ ಹೊಳೆಯಬೇಕಿತ್ತು, ನಾನು ಬಾಣ ನೋಡಿ ಚೆಂದಾಗಿದೆ ಎಂದೆನೇ ಹೊರತು ಬೇರೇನೂ ಅನ್ನಲಿಲ್ಲ.

"ಇನ್ನ ಬರೋರನ್ನ ಇಲ್ಲೇ ನಿಂದರಸ್ರಿ" ಎಂದು ಕೂಗಿ ಓಡಿದಳು. ಹಿಂದಿನ ದಿನದ ಓಟ ಅವಳ ಕಾಲಲ್ಲೇ ಇತ್ತು, ಒಂದು ಕಾಲು ಎಳೆಯುತ್ತಿತ್ತು. ಸನೋಬರಳನ್ನು ಟೇಬಲ್ಲಿಗೆ ಬಿಟ್ಟು, ನಾನೂ ಭೀಮಬಾಯಿಯೂ ಬೇಗ ಬೇಗ ನಡೆದೆವು. ಅಂಗಳದಲ್ಲಿ ಕಮಲದ ರಂಗೋಲಿ ನಿಜಕ್ಕೂ ಚೆಂದಿತ್ತು. ಓಡುವವರು ಅದನ್ನು ತುಳಿಯದೆ, ಮರ್ಯಾದೆಯಿಂದ ಪಕ್ಕಕ್ಕೆ ಸರಿದು, ನೇರವಾಗಿ ಬಂಡಿ ಜಾಡಿಗೆ ಇಳಿದಿದ್ದರು.

ಮಾಧವಿ ಅವರ ಹಿಂದೆ ಹೋಗಲಿಲ್ಲ. ಹೋದರೆ ತಾನೂ ಹೊಲದೊಳಗೆ ಇಳಿದಂತಾಗುತ್ತಿತ್ತು. ಬದುವಿನ ಮೇಲೇ ಓಡಿ, ಹೊಲ ಸುತ್ತಿ, ಆ ಕಡೆಯಿಂದ ಅವರಿಗೆ ಎದುರಾಗಿ ನಿಂತು ಎರಡೂ ಕೈ ಚಾಚಿದಳು.

"ನಿಂದರ್ರಿ! ಇದ್ದಲ್ಲೇ ನಿಂದರ್ರಿ! ಬಂದ ಜಾಡಿನ್ಯಾಗ ಹೊಳ್ಳಿ ಹೋಗ್ರಿ, ಒಬ್ಬರ ಹಿಂದ ಒಬ್ಬರು."

ಎದೆಯೆತ್ತರದ ತೊಗರಿಯ ನಡುವೆ ತಲೆಗಳು ನಿಂತವು. ಒಬ್ಬ ಹುರುಪಿನ ಮನುಷ್ಯ, "ಮೇಡಂ, ನನ್ನ ಟೈಮ್ ಹೋತಲ್ರೀ!" ಎಂದು ಕೂಗಿದ.

"ನಿಮ್ಮ ಟೈಮು ಮುಂದಿನ ವಾರ ಮತ್ತ ಸಿಗತದ್ರಿ. ಈ ಗಿಡ ವರ್ಷಕ್ಕೊಮ್ಮಿ!"

ಎಲ್ಲರೂ ಹೊಳ್ಳಿದರು. ಆದರೆ ಎಲ್ಲರಿಗಿಂತ ಮುಂದಿದ್ದ ಇಬ್ಬರು ಜಾಡು ಮುಗಿದ ಮೇಲೂ ನುಗ್ಗಿದ್ದರು. ಅಲ್ಲಿ ಕೆಲವು ಗಿಡ ಮುರಿದು, ಹಳದಿ ಹೂವು ನೆಲದ ಮೇಲೆ ಬಿದ್ದಿತ್ತು. ಭೀಮಬಾಯಿ ತಿರುವಿನಲ್ಲೇ ಕೋಲು ಹಿಡಿದು ನಿಂತು, ಉಳಿದವರನ್ನೆಲ್ಲ ಎಮ್ಮೆ ತಿರುಗಿಸಿದಂತೆ ಎಡಕ್ಕೆ ತಿರುಗಿಸಿದರು. ಓಟ ಮುಗಿಯಿತು.

ದೇವಿಂದ್ರಪ್ಪ ಬೆಳಗಿನಿಂದ ಬಾಳೆ ತೋಟದಲ್ಲಿದ್ದರು, ಏನೂ ಕಂಡಿರಲಿಲ್ಲ. ಓಟದ ಗುಂಪಿನವರೊಬ್ಬರು ಮೆಲ್ಲಗೆ, "ನಾಕು ಗಿಡ ಅವ. ದನ ಹೊಕ್ಕಿತ್ತು ಅಂತ ತಿಳ್ಕೋತಾರ. ಯಾಕ ಹೇಳ್ತೀರಿ?" ಎಂದರು. ಮಾಧವಿ ನೇರ ತೋಟಕ್ಕೆ ಹೋಗಿ ದೇವಿಂದ್ರಪ್ಪನವರನ್ನು ಕರೆತಂದು, ಮುರಿದ ಗಿಡದ ಮುಂದೆ ನಿಲ್ಲಿಸಿದಳು.

"ಮಾತು ಕೊಟ್ಟಿದ್ದೆ, ತಪ್ಪಿದೆ ಕಾಕಾ. ಬಾಣ ಎಲ್ಲಿ ಬರೀಬೇಕು ನನಗ ತಿಳೀಲಿಲ್ಲ."

ಅವರು ಬಗ್ಗಿ ಒಂದು ಗಿಡ ಎತ್ತಿ ನೋಡಿದರು. "ದಿನಾ ಮಿಲ್ಲಿನ್ಯಾಗ ಬ್ಯಾಳಿ ನೋಡ್ತಿ. ಅದು ಗಿಡದಾಗ ಬೆಳೀತದ ಅಂತ ಗೊತ್ತದಿಲ್ಲೋ?"

"ಗೊತ್ತದರಿ."

ಅವರು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡರು. "ಮುಚ್ಚಿಡಲಿಲ್ಲ, ನೀನೇ ಬಂದು ಹೇಳ್ದಿ. ಅದಕ್ಕ ನಿನಗ ಬಂದ್ ಮಾಡಂಗಿಲ್ಲ. ನೀ ಒಬ್ಬಾಕಿ ಬಾ, ಓಡು. ಮಂದಿ ಬ್ಯಾಡ."

ಅವಳಿಗೆ ಬೇಕಾದ ದಾರಿ ಅವಳ ಕೈಗೇ ಬಂದಿತ್ತು. ಹ್ಞೂಂ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ಬ್ಯಾಡ್ರಿ" ಎಂದಳು. "ಮಂದಿಗಿ ಬಂದ್ ಅಂದ್ರ ನನಗೂ ಬಂದ್. ಅವರನ್ನ ಕರಕೊಂಡು ಬಂದಾಕಿ ನಾನ."

ಕೋಲು ಹಿಡಿದೇ ನಮ್ಮ ಹಿಂದೆ ಬಂದಿದ್ದ ಭೀಮಬಾಯಿ ನಡುವೆ ಬಾಯಿ ಹಾಕಿದರು.

"ಬಾಣ ಅಳಸಿದಾಕಿ ನಾನು. ಹಂಗಾರ ನನಗೂ ಹೊಲ ಬಂದ್ ಮಾಡ್ರಿ. ನಾಳಿಂದ ನಿಮ್ಮ ಬುತ್ತಿ ನೀವ ಕಟಗೊಂಡು ಹೋಗ್ರಿ."

"ಏ, ನಿನ್ನ ಯಾರ ಕೇಳ್ಯಾರ?"

"ಅದೇ ತಪ್ಪು. ಅಂಗಳದಾಗ ಗೆರಿ ಎಳೆಯೂ ಮುಂದ ನನ್ನ ಯಾರೂ ಕೇಳಲಿಲ್ಲ. ನೀವೂ ಹೇಳಲಿಲ್ಲ."

ದೇವಿಂದ್ರಪ್ಪ ಹೆಂಡತಿಯನ್ನು ನೋಡಿದರು, ಮಾಧವಿಯನ್ನು ನೋಡಿದರು. ಬುತ್ತಿಯ ಮಾತು ಅವರಿಗೆ ತಟ್ಟಿತೆಂದು ನನಗೆ ಕಂಡಿತು.

"ಸುಣ್ಣ ನಂಬಂಗಿಲ್ಲ ನಾ" ಎಂದರು ಕೊನೆಗೆ. "ಮಂದೀನೂ ಬರ್ಲಿ, ಆದ್ರ ಓಟದ ದಿನ ಬಂಡಿ ಜಾಡಿಗಿ ಅಡ್ಡ ಜಾಲಿ ಮುಳ್ಳು ಹಚ್ಚಬೇಕು. ಮುಳ್ಳು ನೋಡಿದ ಮ್ಯಾಗ ಯಾವ ಶಾಣ್ಯಾನೂ ಒಳಗ ಹೋಗಂಗಿಲ್ಲ. ಹಚ್ಚೋರು ಯಾರು?"

"ನಾ ಹಚ್ತೀನ್ರಿ."

"ಜಾಲಿ ಕಡಿಯಾಕ ಬರ್ತದ?"

"ಬರಂಗಿಲ್ರಿ. ಕಲಸ್ರಿ."

ಅವರು ಮನೆಗೆ ಹೋಗಿ ಕೊಡಲಿ ತಂದರು. ಓಡಿದವರೆಲ್ಲ ಗಾಡಿ ಹತ್ತಿ ಕಲಬುರಗಿಗೆ ಹೋಗಿಯಾಗಿತ್ತು. ಮಾಧವಿ ಪಂಜಾಬಿ ಡ್ರೆಸ್ಸಿನ ತೋಳು ಮಡಿಚಿ, ಹಳ್ಳದ ದಂಡೆಯ ಜಾಲಿ ಕಡಿಯಲು ನಿಂತಳು. ಕೈತುಂಬ ಗೀರು. ಒಂದು ಕೊಂಬೆ ಕಡಿದು, ಏದುಸಿರು ಬಿಡುತ್ತ ಎಳೆದು ತಂದು, ಜಾಡಿಗೆ ಅಡ್ಡ ಹಾಕಿದಳು. ದೇವಿಂದ್ರಪ್ಪ ಅದನ್ನು ಚಪ್ಪಲಿಯಿಂದ ಒದ್ದು ನೋಡಿದರು.

"ಇದನ್ನ ಆಡಿನ ಮರಿ ಸೈತ ದಾಟತದ. ಇನ್ನೊಂದು ತಾ."

ಅವಳು ಕೊಡಲಿ ತೆಗೆದುಕೊಂಡು ಮತ್ತೆ ಹಳ್ಳದ ಕಡೆಗೆ ನಡೆದಳು.